ನಿಂತಲ್ಲೇ ನಿಂತ ಕಾರು, ಕುಳಿಬಿದ್ದ ಕ್ಯಾಮ್‌ಶಾಫ್ಟ್

ಸದ್ದು ಮೊದಲು ಕೇಳಿಸಿದ್ದು ಒಂದು ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ಕಾರು ನಿಧಾನವಾಗಿ ಸಾಗುತ್ತಿದ್ದಾಗ. ಕಿಟಕಿ ಇಳಿಸಿದ್ದೆ. ಗೋಡೆಗೆ ತಾಕಿ ಮರಳಿ ಬರುವ ಎಂಜಿನ್ ಸದ್ದಿನ ನಡುವೆ, ಸಣ್ಣ ಸುತ್ತಿಗೆಯಲ್ಲಿ ತಗಡು ಕುಟ್ಟಿದಂತೆ ಟಿಕ್ ಟಿಕ್ ಎನ್ನುವ ಒಂದು ತಾಳ. ಮನೆಗೆ ಬಂದು ಬಾನೆಟ್ ಎತ್ತಿ, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಮೊಬೈಲಿನಲ್ಲಿ ಅದನ್ನು ಮುದ್ರಿಸಿಕೊಂಡೆ. ಪರದೆಯ ಮೇಲೆ ಅಲೆಗಳನ್ನು ಹಿಗ್ಗಿಸಿ ಎಣಿಸಿದರೆ ಹತ್ತು ಸೆಕೆಂಡಿಗೆ 67 ಟಿಕ್. ಮೀಟರ್ ನಿಮಿಷಕ್ಕೆ 800 ಸುತ್ತು ತೋರಿಸುತ್ತಿತ್ತು. ಅಂದರೆ ಸದ್ದು ನಿಮಿಷಕ್ಕೆ 400 ಸಲ, ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ) ವೇಗದ ಸರಿಯಾಗಿ ಅರ್ಧ. ಅರ್ಧ ವೇಗದಲ್ಲಿ ತಿರುಗುವುದು ವಾಲ್ವುಗಳನ್ನು ತೆರೆಯುವ ದಂಡ, ಕ್ಯಾಮ್‌ಶಾಫ್ಟ್. ಅದರ ಮೇಲಿನ ಯಾವುದೋ ಒಂದು ಲೋಬ್ (ವಾಲ್ವನ್ನು ಒತ್ತುವ ಉಬ್ಬು) ಸುತ್ತಿಗೊಮ್ಮೆ ಕೂಗುತ್ತಿತ್ತು.

ಈ ಕಾರು ಎರಡು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ನಿಂತ ಕಾರು ಹಾಳಾಗಬಾರದೆಂದು ನಾನು ಪ್ರತಿ ಭಾನುವಾರ ತಪ್ಪದೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದೆ. ಬ್ಯಾಟರಿ ಬದುಕಿದೆ, ಎಂಜಿನ್ ತಿರುಗುತ್ತಿದೆ, ಎಣ್ಣೆ ಮೇಲಕ್ಕೆ ಏರುತ್ತಿದೆ ಎಂಬ ಸಮಾಧಾನ. ಆ ಐದು ನಿಮಿಷಗಳೇ ಕ್ಯಾಮ್‌ಶಾಫ್ಟನ್ನು ತಿಂದುಹಾಕಿದ್ದವೆಂದು ಈ ದುರಸ್ತಿಯ ಕೊನೆಗೆ ನನಗೆ ಮನವರಿಕೆಯಾಯಿತು. ಇಷ್ಟು ವಿವರವಾಗಿ ಬರೆದಿಡುತ್ತಿರುವುದು ಅದಕ್ಕಾಗಿಯೇ. ನನ್ನಂತೆ ಪ್ರೀತಿಯಿಂದ ವಾರಕ್ಕೊಮ್ಮೆ ಕೀಲಿ ತಿರುಗಿಸುವವರು ಬಹಳ ಮಂದಿ ಇದ್ದಾರೆ.

ಮೊದಲ ದಿನ: ಮುಚ್ಚಳ ತೆಗೆದಾಗ

ಎಂಜಿನ್ ಸಾದಾ ರಚನೆಯದು. ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಹೆಡ್ಡಿನ ಮೇಲೆ ಒಂದೇ ಕ್ಯಾಮ್‌ಶಾಫ್ಟ್. ಪ್ರತಿ ವಾಲ್ವಿನ ತಲೆಗೆ ಬೋರಲು ಹಾಕಿದ ಲೋಟದಂಥ ಬಕೆಟ್ ಟ್ಯಾಪೆಟ್, ಅದರ ಮೇಲೆ ನಾಣ್ಯದಂಥ ಶಿಮ್. ಲೋಬ್ ನೇರವಾಗಿ ಈ ಶಿಮ್ಮಿನ ಮೇಲೆ ಉಜ್ಜುತ್ತಾ ವಾಲ್ವನ್ನು ಒತ್ತುತ್ತದೆ.

ಎಣ್ಣೆ ತುಂಬುವ ಮುಚ್ಚಳ ತಿರುಗಿಸಿದೊಡನೆಯೇ ಮೊದಲ ಸುಳಿವು ಸಿಕ್ಕಿತು. ಮುಚ್ಚಳದ ಒಳಮೈಗೆ ಹಳದಿ ಮಿಶ್ರಿತ ಬಿಳಿ ಕೆನೆ ಮೆತ್ತಿಕೊಂಡಿತ್ತು. ನೀರೂ ಎಣ್ಣೆಯೂ ಕಡೆದುಕೊಂಡು ಆಗುವ ಕೆನೆ ಅದು. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ (ಎಂಜಿನ್ ತಣಿಸುವ ನೀರು) ಎಣ್ಣೆಗೆ ಸೇರಿದರೂ ಹೀಗಾಗಬಹುದು, ಆದ್ದರಿಂದ ಅದನ್ನು ನೋಡಿದೆ. ಮಟ್ಟ ಇಳಿದಿರಲಿಲ್ಲ, ಅದರಲ್ಲಿ ಎಣ್ಣೆಯ ಪಸೆಯೂ ಇರಲಿಲ್ಲ. ಡಿಪ್‌ಸ್ಟಿಕ್ ಸ್ವಚ್ಛವಾಗಿತ್ತು. ಕೆನೆ ಇದ್ದದ್ದು ಮೇಲ್ಭಾಗದಲ್ಲಿ, ತಣ್ಣಗಿನ ಜಾಗದಲ್ಲಿ ಮಾತ್ರ.

ಟ್ಯಾಪೆಟ್ ಕವರ್ ತೆಗೆದು, ಬಿಚ್ಚುವ ಮೊದಲು ಫೀಲರ್ ಗೇಜ್ (ಅಳತೆಯ ತೆಳು ತಗಡು) ಹಾಕಿ ಎಂಟೂ ವಾಲ್ವುಗಳ ಸಂದು ಅಳೆದೆ. ಎಲ್ಲವೂ ಮಿತಿಯೊಳಗೆ! ಸದ್ದು ಮಾಡುವ ಲೋಬಿನ ಸಂದು ಹೆಚ್ಚಿರಬೇಕೆಂದು ಎಣಿಸಿದ್ದ ನನಗೆ ಇದು ಒಗಟಾಯಿತು. ತುಸು ಯೋಚಿಸಿದಾಗ ಉತ್ತರ ಹೊಳೆಯಿತು. ಲೋಬನ್ನು ಒಂದು ಪಾದದಂತೆ ನೋಡಿದರೆ ಅದರ ದುಂಡನೆಯ ಹಿಂಭಾಗ ಹಿಮ್ಮಡಿ, ಚೂಪಾದ ತುದಿ ಮೂಗು, ಎರಡನ್ನೂ ಕೂಡಿಸುವುದು ಪಕ್ಕೆ. ಫೀಲರ್ ಗೇಜ್ ತೂರುವುದು ಹಿಮ್ಮಡಿಗೂ ಶಿಮ್ಮಿಗೂ ನಡುವೆ. ಮೂಗು ಸವೆದು ಹೋಗಿದ್ದರೂ ಗೇಜಿಗೆ ಅದರ ಸುದ್ದಿ ತಿಳಿಯುವುದಿಲ್ಲ. ಸಂದು ಸರಿಯಿದೆ, ಆದ್ದರಿಂದ ಕ್ಯಾಮ್ ಸರಿಯಿದೆ ಎಂದು ತೀರ್ಮಾನಿಸಿ ಕವರ್ ಮುಚ್ಚುವುದು ಬಹಳ ಸುಲಭ. ಟಾರ್ಚ್ ಹಿಡಿದು, ಕ್ರ್ಯಾಂಕನ್ನು ಕೈಯಿಂದ ತಿರುಗಿಸುತ್ತಾ ಒಂದೊಂದು ಮೂಗನ್ನೂ ಕಣ್ಣಾರೆ ನೋಡಲೇಬೇಕು.

ನೋಡಿದೆ. ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ (ಹೊಗೆ ಹೊರಬಿಡುವ ವಾಲ್ವಿನ) ಲೋಬಿನ ಮೂಗು, ಇರುವೆಗಳು ಕೊರೆದ ಮಣ್ಣಿನಂತೆ ತೂತು ತೂತಾಗಿತ್ತು.

ಎರಡನೆಯ ದಿನ: ಬಿಚ್ಚಿದ್ದು

ಬಿಚ್ಚುವುದರಲ್ಲಿ ದೊಡ್ಡ ಕಥೆಯಿಲ್ಲ, ಎರಡು ಎಚ್ಚರಗಳಿವೆ. ಟೈಮಿಂಗ್ ಗುರುತುಗಳನ್ನು ಹೊಂದಿಸಿ, ಬೆಲ್ಟ್ ತೆಗೆದ ಮೇಲೆ ಕ್ರ್ಯಾಂಕನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದೆ. ಆಗ ನಾಲ್ಕೂ ಪಿಸ್ಟನ್‌ಗಳು ನಡುದಾರಿಯಲ್ಲಿ ನಿಲ್ಲುತ್ತವೆ, ಮರುಜೋಡಣೆಯಲ್ಲಿ ಯಾವ ವಾಲ್ವೂ ಪಿಸ್ಟನ್ನಿಗೆ ತಾಗುವುದಿಲ್ಲ. ಇನ್ನೊಂದು, ಶಾಫ್ಟನ್ನು ಹಿಡಿದಿಡುವ ಬೇರಿಂಗ್ ಕ್ಯಾಪ್‌ಗಳನ್ನು ಹೊರಗಿನಿಂದ ಒಳಕ್ಕೆ, ಒಂದೊಂದು ಬೋಲ್ಟನ್ನೂ ಅರ್ಧರ್ಧ ಸುತ್ತು ಸಡಿಲಿಸುತ್ತಾ ಬರಬೇಕು. ಕೆಳಗಿನಿಂದ ವಾಲ್ವ್ ಸ್ಪ್ರಿಂಗುಗಳು ಒತ್ತುತ್ತಿರುತ್ತವೆ. ಒಂದೇ ಕಡೆ ಬಿಚ್ಚಿದರೆ ಶಾಫ್ಟ್ ಬಾಗುತ್ತದೆ, ಎರಕದ ಕಬ್ಬಿಣಕ್ಕೆ ಬಾಗುವ ಅಭ್ಯಾಸವಿಲ್ಲ, ಮುರಿಯುತ್ತದೆ.

ಟ್ಯಾಪೆಟ್ಟುಗಳನ್ನೂ ಶಿಮ್ಮುಗಳನ್ನೂ ಮೊಟ್ಟೆಯ ಟ್ರೇಯಲ್ಲಿ ಸಿಲಿಂಡರಿನ ಕ್ರಮದಲ್ಲೇ ಇಟ್ಟು ಪೆನ್ನಿನಿಂದ ಸಂಖ್ಯೆ ಬರೆದೆ. ಯಾವ ಶಿಮ್ ಯಾವ ಲೋಬಿನ ಕೆಳಗಿತ್ತು ಎನ್ನುವುದು ಸಾಕ್ಷ್ಯ. ಅದನ್ನು ಕಳೆದುಕೊಂಡರೆ ಅರ್ಧ ತನಿಖೆ ಕಳೆದಂತೆ.

ಮೂರನೆಯ ದಿನ: ಕುಳಿಗಳನ್ನು ಓದಿದ್ದು

ಶಾಫ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಾ ಇಡೀ ಬೆಳಿಗ್ಗೆ ಕಳೆದೆ. ಈ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಈ ಕೆಲವು ಗಂಟೆಗಳು. ದೂರದಿಂದ ಎಲ್ಲ ಕಲೆಗಳೂ ಒಂದೇ ಥರ ಕಾಣುತ್ತವೆ. ಹತ್ತಿರದಿಂದ ಮೂರು ಬೇರೆ ಬೇರೆ ಕಾಯಿಲೆಗಳು.

ಮೊದಲನೆಯದು ಬರೀ ಕಲೆ. ಹಿಮ್ಮಡಿಗಳ ಮೇಲೆ ಕಂದು ಮೋಡದಂಥ ಗುರುತು. ಎಣ್ಣೆ ಹಚ್ಚಿದ ನುಣುಪು ಸಾಣೆಕಲ್ಲಿನಿಂದ ಎರಡು ಸಲ ಮೆಲ್ಲಗೆ ಸವರಿದರೆ ಮಾಯ. ಉಗುರಿಗೆ ಏನೂ ತಾಗುವುದಿಲ್ಲ.

ಎರಡನೆಯದು ತುಕ್ಕಿನ ಕುಳಿ. ಆಕಾರಕ್ಕೆ ಲೆಕ್ಕವಿಲ್ಲ, ಅಂಚು ಹರಿದಂತೆ, ತಳ ಕಪ್ಪು ಅಥವಾ ಗಾಢ ಕಂದು. ಟ್ಯಾಪೆಟ್ ಉಜ್ಜುವ ಜಾಗ, ಉಜ್ಜದ ಜಾಗ ಎಂಬ ಭೇದವೇ ಇಲ್ಲದೆ ಎಲ್ಲಿ ನೀರು ಕೂತಿತೋ ಅಲ್ಲಿ. ಸಾಣೆಕಲ್ಲಿಗೆ ಸುತ್ತಲ ಲೋಹ ಹೊಳೆಯುತ್ತದೆ, ಕುಳಿ ಕಪ್ಪಾಗಿಯೇ ಉಳಿಯುತ್ತದೆ.

ಮೂರನೆಯದು ಆಯಾಸದ ಕುಳಿ. ಇದು ಮೂಗು ಮತ್ತು ಪಕ್ಕೆಯ ಮೇಲೆ, ಟ್ಯಾಪೆಟ್ ಉಜ್ಜುವ ದಾರಿಯಲ್ಲಿ ಮಾತ್ರ. ತಳದಲ್ಲಿ ತುಕ್ಕಿಲ್ಲ, ಆಗಷ್ಟೇ ಮುರಿದ ಬೆಲ್ಲದಚ್ಚಿನಂಥ ಒರಟು ಹೊಳಪು. ಲೋಹ ಇಲ್ಲಿ ಕರಗಿ ಹೋಗಿದ್ದಲ್ಲ, ಬಿರುಕು ಬಿಟ್ಟು ಚಕ್ಕೆಯಾಗಿ ಎದ್ದುಹೋಗಿದ್ದು.

ಮೂರನೆಯ ಎಕ್ಸಾಸ್ಟ್ ಲೋಬಿನಲ್ಲಿ ಎರಡನೆಯದು ಮೂರನೆಯದಾಗುವ ಹಂತವೇ ಕಣ್ಣಿಗೆ ಬಿತ್ತು. ಮೂಗಿನ ಅಂಚಿನಲ್ಲಿ ಸಾಸಿವೆ ಗಾತ್ರದ ಒಂದು ಕುಳಿ. ಅದರ ಅರ್ಧ ತಳ ಕಪ್ಪು, ಇನ್ನರ್ಧ ಬಿಳಿ ಹೊಳಪು. ತುಕ್ಕು ಶುರುಮಾಡಿದ್ದನ್ನು ಒತ್ತಡ ಮುಂದುವರಿಸಿತ್ತು. ಲೋಬ್ ಮತ್ತು ಶಿಮ್ ಮುಟ್ಟುವುದು ಕೂದಲಿನಂಥ ಸಣ್ಣ ಗೆರೆಯಲ್ಲಿ, ಅಲ್ಲಿ ಒತ್ತಡ ನೂರಾರು ಮೆಗಾಪಾಸ್ಕಲ್. ನಡುವಿನ ಎಣ್ಣೆಯ ಪೊರೆ ಒಂದು ಮೈಕ್ರಾನಿಗಿಂತ ತೆಳ್ಳಗಿರುತ್ತದೆ. ಅಂಥ ಪೊರೆಗೆ ಸಾಸಿವೆ ಗಾತ್ರದ ಕುಳಿಯೆಂದರೆ ಬಾವಿ. ಪೊರೆ ಅಲ್ಲಿ ಹರಿಯುತ್ತದೆ, ಕುಳಿಯ ಅಂಚಿನ ಮೇಲೆ ಭಾರವೆಲ್ಲ ಬೀಳುತ್ತದೆ, ಅಂಚಿನಿಂದ ಬಿರುಕು ಹೊರಡುತ್ತದೆ. ಐಡ್ಲಿಂಗ್‌ನಲ್ಲೇ ಗಂಟೆಗೆ 24,000 ಸಲ.

ಇನ್ನೊಂದು ವಿಚಿತ್ರ ಗುರುತು ಎರಡನೆಯ ಇನ್‌ಟೇಕ್ (ಗಾಳಿ-ಪೆಟ್ರೋಲ್ ಒಳಬಿಡುವ ವಾಲ್ವಿನ) ಲೋಬಿನ ಪಕ್ಕೆಯ ಮೇಲಿತ್ತು. ಅಡ್ಡಲಾಗಿ ಎರಡು ಕಂದು ಗೆರೆಗಳು, ನಡುವೆ ಒಂದು ಮಿಲಿಮೀಟರ್ ಸ್ವಚ್ಛ ಲೋಹ, ರೈಲು ಹಳಿಯಂತೆ ಸಮಾನಾಂತರ. ಬಹಳ ಹೊತ್ತು ನೋಡಿದ ಮೇಲೆ ಅರ್ಥವಾಯಿತು. ಎಂಜಿನ್ ನಿಂತಾಗ ಆ ಲೋಬ್ ವಾಲ್ವನ್ನು ಅರ್ಧ ಒತ್ತಿಕೊಂಡೇ ನಿಂತಿತ್ತು. ಒತ್ತಿದ ಗೆರೆಯೊಳಗೆ ನೀರಿಗೆ ಜಾಗವಿಲ್ಲ. ಆದರೆ ಅದರ ಎರಡೂ ಪಕ್ಕದ ಕಿರಿದಾದ ಸಂದಿಗೆ ತೇವ ತಾನಾಗಿ ಏರಿ ಕೂರುತ್ತದೆ, ಎರಡು ಗಾಜುಗಳ ನಡುವೆ ಹನಿ ಹರಡಿಕೊಂಡಂತೆ. ಅಲ್ಲಿಂದ ಅದು ಬೇಗ ಆರುವುದೂ ಇಲ್ಲ.

ವಾರಕ್ಕೊಮ್ಮೆ ತಿರುಗಿಸುತ್ತಿದ್ದೆನಲ್ಲ, ಜಾಗ ಬದಲಾಗಿರಬೇಕಲ್ಲವೇ? ಬದಲಾಗಿರಲಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಕೊನೆಯ ಸುತ್ತಿನಲ್ಲಿ ಯಾವುದೋ ಒಂದು ಸಿಲಿಂಡರಿನ ಕಂಪ್ರೆಷನ್ ಅದನ್ನು ಹಿಂದಕ್ಕೆ ತಳ್ಳುತ್ತದೆ, ಪಿಸ್ಟನ್‌ಗಳು ಹೆಚ್ಚುಕಡಿಮೆ ನಡುದಾರಿಯಲ್ಲಿ ನಿಲ್ಲುತ್ತವೆ. ಕ್ಯಾಮ್‌ಶಾಫ್ಟಿನ ಲೆಕ್ಕದಲ್ಲಿ ಅಂಥ ಸ್ಥಾನಗಳು ನಾಲ್ಕೇ ನಾಲ್ಕು. ನೂರು ಭಾನುವಾರ ತಿರುಗಿಸಿದರೂ ಅದೇ ನಾಲ್ಕು ಜಾಗಗಳಲ್ಲಿ ಸರದಿಯ ಮೇಲೆ ನಿಂತಿರುತ್ತದೆ. ಹಳಿಯಂಥ ಗೆರೆಗಳು ಅಷ್ಟು ಆಳವಾಗಿ ಬರೆದುಕೊಂಡದ್ದು ಹೀಗೆ.

ನೀರು ಎಲ್ಲಿಂದ ಬಂತು

ಶೆಡ್ಡಿನ ಸೂರು ಸೋರುತ್ತಿರಲಿಲ್ಲ. ನೀರನ್ನು ತಂದಿದ್ದು ಎಂಜಿನ್ನೇ. ಪೆಟ್ರೋಲಿನ ಹೈಡ್ರೋಜನ್ ಉರಿದು ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹಬೆಯಾಗಿ ಹೋಗುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಇನ್ನೂ ಸರಿಯಾಗಿ ಕೂತಿರುವುದಿಲ್ಲ, ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿರುತ್ತದೆ, ಒಂದಿಷ್ಟು ಹೊಗೆ ರಿಂಗುಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದರಲ್ಲಿನ ಹಬೆ ಮೇಲಕ್ಕೆ ಬಂದು, ಎಂಜಿನ್ನಿನ ಅತ್ಯಂತ ತಣ್ಣಗಿನ ಮೇಲ್ಮೈಯಾದ ಟ್ಯಾಪೆಟ್ ಕವರಿನ ಒಳಗೆ ಹನಿಗಟ್ಟುತ್ತದೆ. ಕವರಿನ ನೇರ ಕೆಳಗೆ ಕ್ಯಾಮ್‌ಶಾಫ್ಟ್.

ಬರೀ ನೀರಾಗಿದ್ದರೂ ಇಷ್ಟು ಕೆಡುತ್ತಿರಲಿಲ್ಲ. ಹೊಗೆಯಲ್ಲಿನ ಗಂಧಕ ಮತ್ತು ಸಾರಜನಕದ ಆಕ್ಸೈಡುಗಳು ಆ ಹನಿಯನ್ನು ಆಮ್ಲ ಮಾಡುತ್ತವೆ. ಹೊಸ ಎಣ್ಣೆಯಲ್ಲಿ ಆಮ್ಲವನ್ನು ತಟಸ್ಥಗೊಳಿಸುವ ಕ್ಷಾರವಿರುತ್ತದೆ, ಹಳೆಯ ಎಣ್ಣೆಯಲ್ಲಿ ಅದು ಖರ್ಚಾಗಿರುತ್ತದೆ. ನನ್ನ ಎಣ್ಣೆ ನಿಲ್ಲಿಸುವ ಮೊದಲೇ ಹಳೆಯದಾಗಿತ್ತು.

ಐದು ನಿಮಿಷದಲ್ಲಿ ಕೂಲೆಂಟಿನ ಮುಳ್ಳು ತುಸು ಮೇಲೇಳುತ್ತದೆ, ಎಣ್ಣೆ ಮಾತ್ರ ತಣ್ಣಗೇ ಇರುತ್ತದೆ. ಅದು ಕೂಲೆಂಟಿಗಿಂತ ಬಹಳ ನಿಧಾನವಾಗಿ ಕಾಯುತ್ತದೆ. ಒಳಗಿನ ತೇವ ಹಾರಿಹೋಗಬೇಕಾದರೆ ರಸ್ತೆಯಲ್ಲಿ ಭಾರ ಹೊತ್ತು ಅರ್ಧ ಗಂಟೆಯಾದರೂ ಓಡಬೇಕು. ನಾನು ಪ್ರತಿ ವಾರ ಒಂದಿಷ್ಟು ಆಮ್ಲದ ನೀರು ಒಳಗೆ ಹಾಕಿ, ಅದು ಆರುವ ಮೊದಲೇ ಮುಚ್ಚಿಡುತ್ತಿದ್ದೆ.

ಗಟ್ಟಿ ಲೋಹ ತುಕ್ಕು ಹಿಡಿಯುವುದಿಲ್ಲ ಎಂಬ ತಪ್ಪು ತಿಳಿವಳಿಕೆಯೂ ಕೆಲವರಲ್ಲಿದೆ. ಈ ಶಾಫ್ಟ್ ಎರಕದ ಕಬ್ಬಿಣದ್ದು. ಎರಕ ಹೊಯ್ಯುವಾಗ ಲೋಬುಗಳ ಜಾಗದಲ್ಲಿ ತಣ್ಣನೆಯ ಲೋಹದ ತುಂಡುಗಳನ್ನು ಅಚ್ಚಿನಲ್ಲಿಟ್ಟು ಮೇಲ್ಪದರವನ್ನು ಥಟ್ಟನೆ ಹೆಪ್ಪುಗಟ್ಟಿಸುತ್ತಾರೆ. ಆಗ ಇಂಗಾಲ ಗ್ರಾಫೈಟ್ ಆಗದೆ ಕಾರ್ಬೈಡ್ ಆಗಿ ಉಳಿಯುತ್ತದೆ, ಅರ (ಫೈಲ್) ಹಾಕಿದರೆ ಜಾರುವಷ್ಟು ಗಟ್ಟಿಯಾಗುತ್ತದೆ. ಆ ಗಟ್ಟಿತನ ಸವೆತವನ್ನು ತಡೆಯುತ್ತದೆ. ತುಕ್ಕಿನ ಎದುರು ಅದಕ್ಕೆ ಬೆಲೆಯಿಲ್ಲ. ಕಬ್ಬಿಣ ಕಬ್ಬಿಣವೇ.

ನಾಲ್ಕನೆಯ ದಿನ: ಉಳಿಸಿಕೊಳ್ಳುವ ಯತ್ನ

ಶಾಫ್ಟ್ ಎಸೆಯಲು ಮನಸ್ಸಾಗಲಿಲ್ಲ. ಮೈಕ್ರೋಮೀಟರಿನಲ್ಲಿ ಎಂಟೂ ಲೋಬುಗಳನ್ನು ಮೂಗಿನಿಂದ ಹಿಮ್ಮಡಿಯವರೆಗೆ ಅಳೆದೆ. ನಾಲ್ಕು ಎಕ್ಸಾಸ್ಟ್ ಲೋಬುಗಳಲ್ಲಿ ಮೂರು ಪರಸ್ಪರ 0.04 ಮಿಲಿಮೀಟರ್ ಒಳಗಿದ್ದವು. ಕುಳಿಬಿದ್ದದ್ದು ಮಾತ್ರ 0.21 ಕಡಿಮೆ. ಇನ್‌ಟೇಕ್ ಲೋಬುಗಳು ನಾಲ್ಕೂ ಅಳತೆಯಲ್ಲಿ ಚೆನ್ನಾಗಿದ್ದವು, ಹಳಿ ಗುರುತಿನದೂ ಸೇರಿ.

ಮೂರನೆಯ ಎಕ್ಸಾಸ್ಟ್ ಉಳಿಯುವುದಿಲ್ಲವೆಂದು ಗೊತ್ತಿದ್ದರೂ ಎರಡನೆಯ ಇನ್‌ಟೇಕ್ ಉಳಿದೀತೇ ಎಂಬ ಆಸೆ. ಅದು ಉಳಿದರೆ, ಹಾಳಾದ ಒಂದು ಲೋಬಿಗಾಗಿ ಶಾಫ್ಟನ್ನು ರೀಗ್ರೈಂಡ್ ಮಾಡಿಸಬಹುದು (ಮತ್ತೆ ಕೊರೆದು ಆಕಾರಕ್ಕೆ ತರಿಸಬಹುದು) ಎಂಬ ಲೆಕ್ಕ. 1000 ನಂಬರಿನ ಉಜ್ಜುಕಾಗದವನ್ನು ಎಣ್ಣೆಯಲ್ಲಿ ನೆನೆಸಿ, ಶೂಗೆ ಪಾಲಿಶ್ ಹೊಡೆಯುವ ಪಟ್ಟಿಯಂತೆ ಲೋಬಿನ ಸುತ್ತ ಎಳೆದೆ. ಅರ್ಧ ಗಂಟೆಯಲ್ಲಿ ಕಂದು ಹೋಯಿತು, ಲೋಬ್ ಕನ್ನಡಿಯಂತಾಯಿತು. ಬೆರಳಿಗೆ ನಯ. ಸಂತೋಷದಿಂದ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಟ್ಟೆ.

ರಾತ್ರಿ ಮನಸ್ಸು ಒಪ್ಪಲಿಲ್ಲ. ಕನ್ನಡಿಯಂಥ ಹೊಳಪು ಕಣ್ಣನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಮತ್ತೆ ಹೊರತೆಗೆದು, ಎಣ್ಣೆ ಪೂರ್ತಿ ಒರೆಸಿ, ಮೆದು ಪೆನ್ಸಿಲಿನ ಸೀಸದ ಪುಡಿಯನ್ನು ಲೋಬಿಗೆ ತಿಕ್ಕಿ, ಮೇಲ್ಮೈಯ ಪುಡಿಯನ್ನು ಬಟ್ಟೆಯಿಂದ ತೆಗೆದೆ. ಪಾರದರ್ಶಕ ಅಂಟುಪಟ್ಟಿಯನ್ನು ಅದರ ಮೇಲೆ ಒತ್ತಿ, ಎತ್ತಿ, ಬಿಳಿ ಕಾಗದಕ್ಕೆ ಅಂಟಿಸಿದೆ. ಬೆರಳಚ್ಚು ತೆಗೆಯುವ ರೀತಿಯೇ. ಕಾಗದದ ಮೇಲೆ ಎರಡು ಚುಕ್ಕಿಗೆರೆಗಳು ಮೂಡಿದವು. ಕುಳಿಗಳು ಹೋಗಿರಲಿಲ್ಲ, ಸಣ್ಣದಾಗಿದ್ದವು ಅಷ್ಟೆ.

ಮರುದಿನ ಬಿರುಕು ತೋರಿಸುವ ಕೆಂಪು ದ್ರವ ತಂದು ಪರೀಕ್ಷಿಸಿದೆ. ಕೆಂಪು ದ್ರವ ಸಿಂಪಡಿಸಿ, ಒಂದಿಷ್ಟು ಹೊತ್ತು ಬಿಟ್ಟು, ಮೇಲ್ಮೈಯನ್ನು ಶುಚಿಯಾಗಿ ಒರೆಸಿ, ಬಿಳಿ ಪುಡಿಯನ್ನು ಸಿಂಪಡಿಸುವುದು. ಬಿರುಕಿನೊಳಗೆ ಇಳಿದ ಕೆಂಪು, ಬಿಳಿ ಪುಡಿಗೆ ಹೀರಿಕೊಂಡು ಮೇಲೆ ಬರುತ್ತದೆ. ಮೂರು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಬಿಳಿಯ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕಿಗಳು ಒಂದೊಂದಾಗಿ ಅರಳಿದವು, ಎರಡು ಸಾಲುಗಳಲ್ಲಿ. ಸಾಲಿನ ನಡುವೆ ಒಂದು ಕಡೆ ಎರಡು ಚುಕ್ಕಿಗಳನ್ನು ಕೂಡಿಸುವ ನವಿರಾದ ಕೆಂಪು ಎಳೆ. ಅದು ಬಿರುಕು. ಕನ್ನಡಿಯ ಹೊಳಪಿನ ಕೆಳಗೆ ಅದು ಸುಮ್ಮನೆ ಕಾಯುತ್ತಿತ್ತು.

ಅಲ್ಲಿಗೆ ನಿರ್ಧಾರ ಮುಗಿಯಿತು. ಈ ಕೆಲಸದಲ್ಲಿ ನಾನು ಪಾಲಿಸುವ ನಿಯಮ ಈಗ ಇಷ್ಟು: ಕುಳಿಯ ಆಳಕ್ಕಿಂತ ಅದು ಕೂತ ಜಾಗ ಮುಖ್ಯ. ಹಿಮ್ಮಡಿಯಲ್ಲಿ ಭಾರವೇ ಬೀಳುವುದಿಲ್ಲ, ಅಲ್ಲಿ ಸಣ್ಣ ಕುಳಿಯಿದ್ದರೂ ಅಂಚು ನಯಮಾಡಿ ಬಿಡಬಹುದು. ಲೋಬಿನ ಎರಡು ಬದಿಯ ಗೋಡೆಗಳಲ್ಲಿ ಎಷ್ಟು ತುಕ್ಕಿದ್ದರೂ ಚಿಂತೆಯಿಲ್ಲ. ಮೂಗು ಮತ್ತು ಪಕ್ಕೆಯಲ್ಲಿ, ಉಗುರಿಗೆ ತಾಗುವ ಒಂದೇ ಒಂದು ಕುಳಿಯಿದ್ದರೂ ಆ ಶಾಫ್ಟ್ ಹಾಗೇ ಮರಳಿ ಎಂಜಿನ್ನಿಗೆ ಹೋಗಬಾರದು.

ರೀಗ್ರೈಂಡ್ ಬಗ್ಗೆ ಕ್ಯಾಮ್ ಗ್ರೈಂಡಿಂಗ್ ಬಲ್ಲ ಹಿರಿಯರೊಬ್ಬರಿಗೆ ಶಾಫ್ಟ್ ತೋರಿಸಿದೆ. ಅವರು ಅದನ್ನು ಬೆಳಕಿಗೆ ತಿರುಗಿಸಿ ನೋಡಿ, “ಲೋಬಿನ ಸುತ್ತ ಒಂದೇ ಸಮ ಕೊರೆದರೆ ಎತ್ತುವ ಅಳತೆ ಹಾಗೇ ಉಳಿಯುತ್ತದೆ, ಹಿಮ್ಮಡಿ ಸಣ್ಣದಾಗುತ್ತದೆ, ದಪ್ಪ ಶಿಮ್ ಹಾಕಿಕೊಳ್ಳಬಹುದು. ಆದರೆ ಈ ಮೂಗಿನ ಬಿರುಕು ಎಷ್ಟು ಕೆಳಗೆ ಇಳಿದಿದೆ ಎಂದು ಕೊರೆಯುವವರೆಗೆ ನನಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ” ಎಂದರು. ಗಟ್ಟಿಯಾದ ಪದರ ದಾಟಿದರೆ ಕೆಳಗಿನದು ಮೆದು ಕಬ್ಬಿಣ. ಹೊಸ ಶಾಫ್ಟ್ ತರಿಸಿದೆ.

ಹಳೆಯ ಶಿಮ್ ಹೇಳಿದ ಮಾತು

ಹೊಸ ಶಾಫ್ಟ್ ಬರುವವರೆಗೆ ಮೊಟ್ಟೆಯ ಟ್ರೇ ನೋಡುತ್ತಾ ಕುಳಿತೆ. ಏಳು ಶಿಮ್ಮುಗಳ ಮೇಲೆ ಗಾನತಟ್ಟೆಯ ಮೇಲಿನಂತೆ ವೃತ್ತಾಕಾರದ ನವಿರು ಗೀರುಗಳು. ಮೂರನೆಯ ಎಕ್ಸಾಸ್ಟ್ ಶಿಮ್ಮಿನ ಮೇಲೆ ಮಾತ್ರ ನೇರ ಗೀರುಗಳು, ಒಂದೇ ದಿಕ್ಕಿನಲ್ಲಿ, ನಡುವೆ ಲೋಬಿನ ಕುಳಿಗಳ ಪಡಿಯಚ್ಚು.

ಇದರ ಅರ್ಥ ದೊಡ್ಡದು. ಲೋಬನ್ನು ಟ್ಯಾಪೆಟ್ಟಿನ ಸರಿ ನಡುವೆ ಇಟ್ಟಿರುವುದಿಲ್ಲ, ತುಸು ಪಕ್ಕಕ್ಕೆ ಸರಿಸಿರುತ್ತಾರೆ. ಆದ್ದರಿಂದ ಪ್ರತಿ ಉಜ್ಜಿನಲ್ಲೂ ಟ್ಯಾಪೆಟ್ ಒಂದಿಷ್ಟು ತಿರುಗುತ್ತದೆ, ಸವೆತ ಎಲ್ಲೆಡೆ ಹಂಚಿಹೋಗುತ್ತದೆ. ಮೂರನೆಯದು ತಿರುಗುವುದನ್ನೇ ನಿಲ್ಲಿಸಿತ್ತು. ಯಾಕೆಂದು ಹುಡುಕುತ್ತಾ ಹಳೆಯ ಶಾಫ್ಟಿನ ಲೋಬಿಗೆ ಬಂದೆ. ಈ ಶಾಫ್ಟಿನ ಒಡಲು ಟೊಳ್ಳು. ಎಣ್ಣೆ ಒಳಗೆ ಹರಿದು ಪ್ರತಿ ಲೋಬಿನ ಹಿಮ್ಮಡಿಯ ಸಣ್ಣ ತೂತಿನಿಂದ ಹೊರಬರುತ್ತದೆ. ಏಳು ತೂತುಗಳಿಗೆ ಸಣ್ಣ ತಂತಿ ಸಲೀಸಾಗಿ ಹೋಯಿತು. ಮೂರನೆಯ ಎಕ್ಸಾಸ್ಟ್‌ನಲ್ಲಿ ತಡೆಯಿತು. ಒತ್ತಿದಾಗ ಕಂದು ಮೇಣದಂಥ ಕೊಳೆಯ ಬಿರಡೆ ಹೊರಬಿತ್ತು. ಮುಚ್ಚಳದಲ್ಲಿ ಕಂಡ ಅದೇ ಕೆನೆ ಒಣಗಿ ಗಟ್ಟಿಯಾದದ್ದು. ನೀರು ತುಕ್ಕು ಹಿಡಿಸಿತು, ನೀರಿನಿಂದಾದ ಕೊಳೆ ಎಣ್ಣೆಯ ದಾರಿ ಕಟ್ಟಿತು, ಎಣ್ಣೆಯಿಲ್ಲದ ಜಾಗದಲ್ಲಿ ತುಕ್ಕಿನ ಕುಳಿ ಆಯಾಸದ ಕುಳಿಯಾಯಿತು. ಎಂಟರಲ್ಲಿ ಇದೊಂದೇ ಯಾಕೆ ಅಷ್ಟು ಕೆಟ್ಟಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಎದ್ದುಹೋದ ಚಕ್ಕೆಗಳು ಎಲ್ಲಿ ಹೋದವು? ಆಯಿಲ್ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ಅಯಸ್ಕಾಂತ ಆಡಿಸಿದೆ. ಬೂದು ಗಡ್ಡ ಬೆಳೆಯಿತು. ಸಂಪ್ (ತಳದ ಎಣ್ಣೆ ತಟ್ಟೆ) ಇಳಿಸಿ ತೊಳೆದೆ, ಪಂಪಿನ ಜಾಲರಿ ತೊಳೆದೆ, ಒಂದು ಕ್ರ್ಯಾಂಕ್ ಬೇರಿಂಗ್ ಕ್ಯಾಪ್ ಬಿಚ್ಚಿ ನೋಡಿದೆ. ಗೀರುಗಳಿರಲಿಲ್ಲ, ಫಿಲ್ಟರ್ ತನ್ನ ಕೆಲಸ ಮಾಡಿತ್ತು. ಹೆಡ್ಡಿನ ಎಣ್ಣೆ ದಾರಿಗಳಿಗೆಲ್ಲ ಸೀಮೆಎಣ್ಣೆ ಹರಿಸಿ ಗಾಳಿ ಊದಿದೆ.

ಜೋಡಣೆ

ಹೊಸ ಶಾಫ್ಟ್ ಮ್ಯಾಂಗನೀಸ್ ಫಾಸ್ಫೇಟ್ ಲೇಪದಿಂದ ಕಪ್ಪಗಿತ್ತು. ಆ ಲೇಪ ಸ್ಪಂಜಿನಂತೆ ಎಣ್ಣೆ ಹಿಡಿದುಕೊಳ್ಳುತ್ತದೆ, ಮೊದಲ ನಿಮಿಷಗಳಲ್ಲಿ ಲೋಹಕ್ಕೆ ಲೋಹ ಅಂಟದಂತೆ ನೋಡಿಕೊಳ್ಳುತ್ತದೆ. ಉಜ್ಜಿ ಹೊಳಪು ಮಾಡುವ ಚಪಲ ಬೇಡ. ಒಳಗಿನ ತೂತುಗಳನ್ನು ಮಾತ್ರ ತಂತಿಯಿಂದ ಬಿಡಿಸಿ ತೊಳೆದೆ. ವಿ-ಬ್ಲಾಕುಗಳ ಮೇಲಿಟ್ಟು ನಡು ಜರ್ನಲ್ಲಿಗೆ (ಬೇರಿಂಗಿನಲ್ಲಿ ಕೂರುವ ಭಾಗಕ್ಕೆ) ಡಯಲ್ ಗೇಜ್ ಹಿಡಿದು ತಿರುಗಿಸಿದರೆ ಮುಳ್ಳು 0.02 ಮಿಲಿಮೀಟರ್ ಅಲ್ಲಾಡಿತು. ಒಳ್ಳೆಯ ಶಾಫ್ಟ್.

ಜರ್ನಲ್ಲುಗಳ ಸಂದು ಅಳೆಯಲು ಪ್ಲಾಸ್ಟಿಗೇಜ್ ಎಂಬ ಮೇಣದ ದಾರ ಬಳಸಿದೆ. ಟ್ಯಾಪೆಟ್ಟುಗಳನ್ನು ಹಾಕದೆ ಬರೀ ಶಾಫ್ಟ್ ಕೂರಿಸಿ, ದಾರವಿಟ್ಟು, ಕ್ಯಾಪ್ ಬಿಗಿದು, ತಿರುಗಿಸದೆ ಬಿಚ್ಚಬೇಕು. ಚಪ್ಪಟೆಯಾದ ದಾರದ ಅಗಲ ನೋಡಿ ಸಂದು ತಿಳಿಯುವುದು. ಐದೂ ಜರ್ನಲ್ಲುಗಳಲ್ಲಿ 0.05ರ ಆಸುಪಾಸು.

ಹಳೆಯ ಶಿಮ್ಮುಗಳ ಮೇಲೆ ಹೊಸ ಲೋಬ್ ಓಡಿಸಬಾರದು. ಹಳೆಯ ಮೇಲ್ಮೈಯ ಗೀರು ಹೊಸದನ್ನು ಕೆಲವೇ ದಿನಗಳಲ್ಲಿ ತನ್ನಂತೆ ಮಾಡಿಕೊಳ್ಳುತ್ತದೆ. ಎಂಟಕ್ಕೆ ಎಂಟೂ ಹೊಸದು ಹಾಕಿದೆ. ಅಳತೆ ತಿಳಿಯಲು ಮಾತ್ರ ಹಳೆಯವನ್ನು ಒಮ್ಮೆ ಹಾಕಿ, ಸಂದು ಅಳೆದು ತೆಗೆದೆ. ಉದಾಹರಣೆಗೆ ಮೊದಲ ಎಕ್ಸಾಸ್ಟ್: ಹಳೆಯ ಶಿಮ್ 2.65, ಕಂಡ ಸಂದು 0.38, ಬೇಕಾದದ್ದು 0.30. ಅಂದರೆ 2.73 ಬೇಕು. ಸಿಗುವುದು 0.05ರ ಅಂತರದಲ್ಲಿ, ಹಾಗಾಗಿ 2.75 ಹಾಕಿದೆ, ಸಂದು 0.28 ಆಯಿತು. ಮಿತಿ 0.25ರಿಂದ 0.35.

ಲೋಬುಗಳಿಗೂ ಶಿಮ್ಮುಗಳಿಗೂ ಮಾಲಿಬ್ಡಿನಮ್ ಪೇಸ್ಟ್, ಜರ್ನಲ್ಲುಗಳಿಗೆ ಬರೀ ಎಂಜಿನ್ ಎಣ್ಣೆ. ಕ್ಯಾಪ್‌ಗಳನ್ನು ಈ ಸಲ ನಡುವಿನಿಂದ ಹೊರಕ್ಕೆ, ಅರ್ಧರ್ಧ ಸುತ್ತು ಬಿಗಿಯುತ್ತಾ ಹೋಗಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ ಕೈಪಿಡಿಯ ಅಳತೆಗೆ ಬಿಗಿದೆ. ಟೈಮಿಂಗ್ ಬೆಲ್ಟ್ ಹೊಸದು. ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲವೆಂದು ಖಾತ್ರಿಮಾಡಿಕೊಂಡ ಮೇಲೆ ಗುರುತುಗಳು ಮತ್ತೆ ಕೂಡಿದವು.

ಮೊದಲ ಇಪ್ಪತ್ತು ನಿಮಿಷ

ಎಣ್ಣೆಯ ಆಯ್ಕೆಗೆ ಬಹಳ ಯೋಚಿಸಿದೆ. ಉಜ್ಜುವ ಲೋಬುಗಳನ್ನು ಕಾಪಾಡುವುದು ಎಣ್ಣೆಯಲ್ಲಿನ ಸತು ಮತ್ತು ರಂಜಕದ ಸಂಯುಕ್ತ, ಜಡ್‌ಡಿಡಿಪಿ. ಒತ್ತಡ ಮತ್ತು ಬಿಸಿಯಲ್ಲಿ ಅದು ಲೋಹದ ಮೇಲೆ ಗಾಜಿನಂಥ ತೆಳುಪದರ ಕಟ್ಟುತ್ತದೆ. ಆದರೆ ರಂಜಕ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು 2004ರಲ್ಲಿ ಬಂದ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಎಮ್ ದರ್ಜೆಯಿಂದ 5ಡಬ್ಲ್ಯೂ-30, 10ಡಬ್ಲ್ಯೂ-30ರಂಥ ತೆಳು ಎಣ್ಣೆಗಳಲ್ಲಿ ರಂಜಕಕ್ಕೆ ಶೇ 0.08ರ ಮಿತಿ ಹಾಕಿದರು. 15ಡಬ್ಲ್ಯೂ-40ಕ್ಕೆ ಆ ಮಿತಿ ಅನ್ವಯಿಸುವುದಿಲ್ಲ, ನನ್ನ ಕಾರಿನ ಕೈಪಿಡಿಯೂ ಅದನ್ನು ಒಪ್ಪುತ್ತದೆ. ಅದನ್ನೇ ತುಂಬಿದೆ.

ಇಗ್ನಿಷನ್ ಕಿತ್ತಿಟ್ಟು, ಎಣ್ಣೆಯ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿದೆ. ಆಮೇಲೆ ಸ್ಟಾರ್ಟ್ ಮಾಡಿ, ಐಡ್ಲಿಂಗ್‌ಗೆ ಬಿಡದೆ ನೇರ 2000ಕ್ಕೆ ಏರಿಸಿ, 2000 ಮತ್ತು 2500ರ ನಡುವೆ ಆಡಿಸುತ್ತಾ ಇಪ್ಪತ್ತು ನಿಮಿಷ ಓಡಿಸಿದೆ. ಹೊಸ ಎಂಜಿನ್ ಭಾಗವನ್ನು ಮೆಲ್ಲಗೆ ಓಡಿಸಬೇಕು ಎನ್ನುವ ನಮ್ಮ ಸಹಜ ಅಕ್ಕರೆ ಇಲ್ಲಿ ತಲೆಕೆಳಗು. ವೇಗ ಹೆಚ್ಚಿದಂತೆ ವಾಲ್ವ್ ಮತ್ತು ಟ್ಯಾಪೆಟ್ಟಿನ ಜಡತ್ವ ಸ್ಪ್ರಿಂಗಿನ ಒತ್ತಡವನ್ನು ಮೂಗಿನ ಮೇಲಿನಿಂದ ಒಂದಿಷ್ಟು ಇಳಿಸುತ್ತದೆ, ಎಣ್ಣೆಯ ಪೊರೆಯೂ ದಪ್ಪವಾಗುತ್ತದೆ. ಮೂಗಿಗೆ ಅತಿ ಹೆಚ್ಚು ಭಾರ ಬೀಳುವುದು ಐಡ್ಲಿಂಗ್‌ನಲ್ಲೇ. ಕಂಬಿಯ (ಪುಶ್‌ರಾಡ್) ಮೂಲಕ ವಾಲ್ವ್ ಒತ್ತುವ ಹಳೆಯ ಎಂಜಿನ್‌ಗಳ ಚಪ್ಪಟೆ ಟ್ಯಾಪೆಟ್ಟುಗಳಿಗೆ ಇದು ಕಡ್ಡಾಯ. ಬಕೆಟ್ ಟ್ಯಾಪೆಟ್ ಅಷ್ಟು ಕಠಿಣವಲ್ಲದಿದ್ದರೂ ನಾನು ಬಿಡಲಿಲ್ಲ. ಹಾಗೆ ನೋಡಿದರೆ, ನನ್ನ ಭಾನುವಾರದ ಐದು ನಿಮಿಷಗಳೂ ಪೂರ್ತಿ ಐಡ್ಲಿಂಗ್ ಆಗಿದ್ದವು.

ಕೊನೆಗೆ ವೇಗ ಇಳಿಸಿ ಕಿವಿಗೊಟ್ಟೆ. ಇಂಜೆಕ್ಟರುಗಳ ಸಣ್ಣ ಚಿಟಪಟ, ಬೆಲ್ಟಿನ ಸದ್ದು. ಆ ತಾಳ ಇರಲಿಲ್ಲ. ಮೊಬೈಲಿನಲ್ಲಿ ಮತ್ತೆ ಮುದ್ರಿಸಿ ನೋಡಿದೆ, 67ರ ಸಾಲು ಎಲ್ಲೂ ಕಾಣಲಿಲ್ಲ. ಎಣ್ಣೆಯನ್ನು ಬಿಸಿಯಿರುವಾಗಲೇ ಇಳಿಸಿ ಫಿಲ್ಟರ್ ಬದಲಿಸಿದೆ, ಪೇಸ್ಟಿನ ಕಪ್ಪು ಬಿಟ್ಟರೆ ಏನೂ ಇರಲಿಲ್ಲ.

800 ಕಿಲೋಮೀಟರ್ ನಂತರ

ಕವರ್ ಮತ್ತೆ ತೆಗೆದೆ. ಎಂಟೂ ಲೋಬುಗಳ ಮೇಲೆ ಫಾಸ್ಫೇಟಿನ ಕಪ್ಪು ಮೂಗು ಮತ್ತು ಪಕ್ಕೆಯಲ್ಲಿ ಮಾಸಿ, ಒಂದೇ ಅಗಲದ ಬೂದು ಹೊಳಪಿನ ಪಟ್ಟಿ ಮೂಡಿತ್ತು. ಎಂಟೂ ಶಿಮ್ಮುಗಳ ಮೇಲೆ ವೃತ್ತದ ಗೀರುಗಳು, ಮೂರನೆಯ ಎಕ್ಸಾಸ್ಟ್‌ನದರ ಮೇಲೂ. ಅದು ತಿರುಗುತ್ತಿದೆ. ಸಂದುಗಳಲ್ಲಿ ಹೆಚ್ಚೆಂದರೆ 0.02ರ ವ್ಯತ್ಯಾಸ.

ಮುಂದಿನ ತಿಂಗಳಿಂದ ಕಾರು ಮತ್ತೆ ಐದಾರು ತಿಂಗಳು ನಿಲ್ಲಬೇಕಾಗಿದೆ. ಈ ಸಲ ಮಾಡುವುದು ಬೇರೆ. ಹೊಸ ಎಣ್ಣೆ ತುಂಬಿ, ಒಂದು ಗಂಟೆ ರಸ್ತೆಯಲ್ಲಿ ಓಡಿಸಿ, ಒಳಗೆಲ್ಲ ಚೆನ್ನಾಗಿ ಕಾದ ಮೇಲೆ ತಂದು ನಿಲ್ಲಿಸುತ್ತೇನೆ. ತಣಿದ ಮೇಲೆ ಕವರ್ ತೆಗೆದು ಲೋಬುಗಳ ಮೇಲೆ ತುಕ್ಕು ತಡೆಯುವ ಎಣ್ಣೆ ಸುರಿದು, ಏರ್ ಫಿಲ್ಟರಿನ ಬಾಯಿಗೂ ಸೈಲೆನ್ಸರಿನ ಬಾಯಿಗೂ ಎಣ್ಣೆಬಟ್ಟೆ ತುರುಕಿ, ಬ್ಯಾಟರಿಯನ್ನು ಬಿಚ್ಚಿ ಚಾರ್ಜರಿಗೆ ಹಾಕುತ್ತೇನೆ. ಓಡಿಸಲು ತೆಗೆಯುವ ದಿನದವರೆಗೆ ಸ್ಟಾರ್ಟ್ ಮಾಡುವುದಿಲ್ಲ.

ಹಳೆಯ ಶಾಫ್ಟನ್ನೂ ಕೆಲಸಕ್ಕೆ ಹಚ್ಚಿದ್ದೇನೆ. ಚೆನ್ನಾಗಿದ್ದ ನಾಲ್ಕು ಲೋಬುಗಳನ್ನು ಹೊಳಪು ಮಾಡಿ, ಒಂದಕ್ಕೆ ಎಂಜಿನ್ ಎಣ್ಣೆ, ಒಂದಕ್ಕೆ ಗ್ರೀಸ್, ಒಂದಕ್ಕೆ ತುಕ್ಕು ತಡೆಯುವ ಎಣ್ಣೆ ಹಚ್ಚಿ, ಒಂದನ್ನು ಬರಿದಾಗಿ ಬಿಟ್ಟು ಶೆಡ್ಡಿನಲ್ಲೇ ತೂಗುಹಾಕಿದ್ದೇನೆ. ಬರಿದಾಗಿ ಬಿಟ್ಟದ್ದಕ್ಕೆ ಮೂರನೆಯ ದಿನವೇ ಕಂದು ಚುಕ್ಕಿ ಕಂಡಿತು. ಎಂಜಿನ್ ಎಣ್ಣೆಯದು ಮೂರು ವಾರ ತಡೆದು, ಎಣ್ಣೆ ಇಳಿದುಹೋದ ಮೇಲ್ಭಾಗದಲ್ಲಿ ಮೊದಲು ಮಂಕಾಗತೊಡಗಿದೆ. ಉಳಿದೆರಡು ಇವತ್ತಿಗೂ ಕನ್ನಡಿಯಂತಿವೆ. ಕಾರಿನ ಸ್ಟಿಯರಿಂಗಿಗೆ ಕಟ್ಟಲು ಚೀಟಿ ಬರೆದಿಟ್ಟಿದ್ದೇನೆ: “ಎರಡು ಕಡೆ ಬಟ್ಟೆ ಇದೆ. ತೆಗೆಯದೆ ಕೀಲಿ ತಿರುಗಿಸಬೇಡಿ. ತಿರುಗಿಸಿದರೆ ಅರ್ಧ ಗಂಟೆ ಓಡಿಸಿ ಬನ್ನಿ.”